ಹದ್ದಿಗೆ ಕಾವಲು, ವಿಷಕ್ಕೆ ರಹದಾರಿ!

ಹರಿಯಾಣದ ಪಿಂಜೋರಿನಲ್ಲಿ ಸಾಕಿ ಬೆಳೆಸಿದ ಬಿಳಿಬೆನ್ನಿನ ರಣಹದ್ದುಗಳನ್ನು 2020ರಲ್ಲಿ ಕಾಡಿಗೆ ಬಿಡಲಾಯಿತು. ಮೈಗೆ ಕಟ್ಟಿದ ಯಂತ್ರದಿಂದ ಅವು ಹಾರಿದ ಎಡೆಯ ಸುಳಿವು ಉಪಗ್ರಹದ ಮೂಲಕ ಸಿಗುತ್ತದೆ. ಈ ಕೆಲಸವನ್ನು ನಾವು ಮೆಚ್ಚುತ್ತೇವೆ. ಆದರೆ ಒಂದು ಪ್ರಶ್ನೆ: ಹದ್ದಿನ ಜಾಡು ಹಿಡಿದ ಸರಕಾರ ಔಷಧದ ಸೀಸೆಯ ಜಾಡು ಹಿಡಿದಿದೆಯೇ?

ಹದ್ದುಗಳು ತಾವಾಗಿ ಅಳಿಯಲಿಲ್ಲ. ದನಕ್ಕೆ ಚುಚ್ಚಿದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದೊಡನೆ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡವನ್ನು ಕೆಡಿಸಿತು. 1992ರಿಂದ 2007ರೊಳಗೆ ಈ ಜಾತಿಯಲ್ಲಿ ಸಾವಿರಕ್ಕೆ ಸುಮಾರು ಒಂದು ಉಳಿಯಿತು. 2006ರಲ್ಲಿ ನಿಷೇಧ ಬಂತು. ಆದರೂ ಮನುಷ್ಯರ ಹೆಸರಿನ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರಿದವು. 2015ರಲ್ಲಿ ಸೀಸೆಯನ್ನು 3 ಮಿಲಿಲೀಟರಿಗೆ ಇಳಿಸಿದರೆ, ಲಾಭಕೋರ ಕಂಪನಿಗಳು ಮದರಾಸು ಹೈಕೋರ್ಟಿನ ಮೆಟ್ಟಿಲೇರಿದವು, 2017ರಲ್ಲಿ ಸೋತವು. ಹದ್ದಿಗೆ ವಿಷವೇ ಆದ ಕೀಟೊಪ್ರೊಫೆನ್ನಿನ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು!

ನಷ್ಟ ಯಾರದು? ದನದ ಹೆಣ ಊರ ಹೊರಗೆ ಕೊಳೆಯಿತು, ಬೀದಿನಾಯಿ ಹೆಚ್ಚಿತು, ಹುಚ್ಚುನಾಯಿಯ ಕಡಿತ ಬಡವನ ಪಾಲಿಗೆ ಬಂತು.

ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಇದೆ. ಅದನ್ನು ಪಶುವೈದ್ಯಶಾಲೆಗಳಲ್ಲಿ ಪುಕ್ಕಟೆ ಹಂಚಲಿ. ತಯಾರಕರ ಲೆಕ್ಕದ ಪುಸ್ತಕ ತೆರೆಯಲಿ. ದಂಡ ಬೀಳಬೇಕಾದದ್ದು ಮೊದಲು ಚಿಲ್ಲರೆ ಅಂಗಡಿಕಾರನ ಮೇಲಲ್ಲ, ಸೀಸೆ ತುಂಬಿದವನ ಮೇಲೆ!