ಸೀಟಿಯೂ ಸಾಕ್ಷಿಯೂ

ತೀರ್ಪು ಕೊಡುವುದು ಸುಲಭವೆಂದು ಭಾವಿಸಿರುವ ವಾಚಕರು ಒಮ್ಮೆ ಕೊರಳಿಗೆ ಸೀಟಿ ಕಟ್ಟಿಕೊಂಡು ಹುಡುಗರ ಕಾಲ್ಚೆಂಡಾಟದ ನಡುವೆ ನಿಂತು ನೋಡಬೇಕು. ಕನ್ನಡ ಪಾಠ ಹೇಳುವ ನನಗೆ ಆ ಭಾಗ್ಯ ಕಳೆದ ಚಳಿಗಾಲದಲ್ಲಿ ನಮ್ಮ ಭಾತಂಬ್ರಾದಲ್ಲಿಯೇ ಒದಗಿತು. ಗೋಲಿಗೆ ಬಲೆಯಿರಲಿಲ್ಲ, ನೆಟ್ಟ ಎರಡು ಬಿದಿರುಗಳೇ ಅದರ ಎಲ್ಲೆ. ಆಟ ಮುಗಿಯುವ ಹೊತ್ತಿಗೆ ಒಬ್ಬನು ಒದ್ದ ಚೆಂಡು ಬಿದಿರನ್ನು ಸವರಿಕೊಂಡಂತೆ ಹಾದುಹೋಯಿತು. ನಾನು ಗೋಲೆಂದು ಸೀಟಿ ಊದಿದೆ. ಗೋಲು ಕಾಯುತ್ತಿದ್ದ ಹುಡುಗ ಓಡಿಬಂದು, “ಹೊರಗ ಹೋಗ್ಯಾದ್ರೀ ಸರ್” ಎಂದ. “ಸೋಲುವಾಗ ಸುಳ್ಳು ಹೇಳಬಾರದು” ಎಂದು ಎಲ್ಲರೆದುರಿಗೆ ಗದರಿಸಿಬಿಟ್ಟೆ.

ಕಣ್ಣು ತಪ್ಪುವುದು ಹೊಸತಲ್ಲ. 2010ರ ವಿಶ್ವಕಪ್ಪಿನಲ್ಲಿ ಜರ್ಮನಿಯ ವಿರುದ್ಧ ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಚೆಂಡು ಗೆರೆ ದಾಟಿದ್ದನ್ನು ದೂರದರ್ಶನದಲ್ಲಿ ಜಗತ್ತೆಲ್ಲ ಕಂಡಿತು. ತೀರ್ಪುಗಾರರು ಮಾತ್ರ ಕಾಣಲಿಲ್ಲ. 2014ರ ವಿಶ್ವಕಪ್ಪಿಗೆ ಗೋಲುಗೆರೆಯನ್ನು ಕಾಯುವ ಯಂತ್ರ ಬಂದಿತು. 2018ರ ರಷ್ಯಾ ಕೂಟಕ್ಕೆ ವೀಡಿಯೋ ನೋಡಿ ನೆರವಾಗುವ ಸಹಾಯಕರು ಬಂದರು. ಗೋಲು, ಪೆನಾಲ್ಟಿ, ನೇರ ಕೆಂಪು ಚೀಟಿ, ತಪ್ಪಿತಸ್ಥನ ಗುರುತು ತಪ್ಪುವುದು — ಈ ನಾಲ್ಕರಲ್ಲಿ, ಅದೂ ಪ್ರಮಾದ ಸ್ಪಷ್ಟವಾಗಿದ್ದರೆ ಮಾತ್ರ, ಅವರು ಆಗ ಎಚ್ಚರಿಸಬಹುದಾಗಿತ್ತು. ಕೊನೆಯ ಮಾತು ಮೈದಾನದಲ್ಲಿರುವವರದೇ.

ಈ ನೆರವಿಲ್ಲದಿದ್ದರೆ ಏನಾದೀತೆಂಬುದನ್ನು ನಾವು 2024ರ ಜೂನ್ 11ರಂದು ದೋಹಾದಲ್ಲಿ ಕಂಡೆವು. ಕತಾರಿನ ವಿರುದ್ಧ ಭಾರತ ಒಂದು ಗೋಲು ಮುಂದಿತ್ತು. ಬೆಂಗಳೂರು ತಂಡದವರೇ ಆದ ಗುರುಪ್ರೀತ್ ಸಿಂಗ್ ನಮ್ಮ ಗೋಲು ಕಾಯುತ್ತಿದ್ದರು. 73ನೆಯ ನಿಮಿಷದಲ್ಲಿ ಗೆರೆಯಾಚೆ ಹೋಗಿದ್ದ ಚೆಂಡನ್ನು ಎದುರಾಳಿ ಒಳಕ್ಕೆಳೆದುಕೊಟ್ಟ, ಅದು ಗೋಲೆನಿಸಿತು. ವೀಡಿಯೋ ಪರಿಶೀಲನೆಯ ವ್ಯವಸ್ಥೆ ಆ ಸುತ್ತಿನಲ್ಲಿರಲಿಲ್ಲ. ಭಾರತ 2–1ರಲ್ಲಿ ಸೋತು, ವಿಶ್ವಕಪ್ಪಿನ ಅರ್ಹತೆಯ ಹಾದಿಯಿಂದ ಹೊರಬಿದ್ದಿತು.

ಹಾಗೆಂದು ಕ್ಯಾಮೆರಾವೇ ಸರ್ವಜ್ಞನೆ? 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ತಡೆಗೋಡೆ ಕಟ್ಟಿ ಮುಗಿಸುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ಕನ್ನು ಗೋಲಿಗಟ್ಟಿದರು. ಕೇರಳದವರು ಆಟ ಬಿಟ್ಟು ನಡೆದರು, ಬೆಂಗಳೂರು ಗೆದ್ದಿತು, ಕೇರಳ ತಂಡಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಬಿದ್ದಿತು. ಅಲ್ಲಿ ವಿವಾದ ಚೆಂಡು ಎಲ್ಲಿತ್ತೆಂಬುದಲ್ಲ. ಸೀಟಿಗಾಗಿ ಕಾಯಿರೆಂದು ತೀರ್ಪುಗಾರರು ಸೂಚಿಸಿದ್ದರೆ ಇಲ್ಲವೆ ಎಂಬುದು. ಚಿತ್ರ ಚೆಂಡಿನ ಜಾಡನ್ನು ತೋರೀತು. ಒಬ್ಬರ ಮಾತನ್ನು ಇನ್ನೊಬ್ಬರು ಹೇಗೆ ತಿಳಿದರೆಂಬುದನ್ನು ತೋರಲಾರದು.

ಇನ್ನು ನನ್ನ ತೀರ್ಪಿನ ಕಥೆ. ಅಂದು ಸಂಜೆ ಆ ಹುಡುಗ ಗೆಳೆಯನ ಮೊಬೈಲನ್ನು ಹಿಡಿದು ಮನೆಗೆ ಬಂದ. ಚಿತ್ರದಲ್ಲಿ ಚೆಂಡು ಬಿದಿರಿನ ಹೊರಗೇ ಹೋಗಿತ್ತು. “ಆಟ ಮುಗೀತು, ಈಗೇನು ಮಾಡಲಿ?” ಎಂದೆ. “ಆಟದ ಮಾತು ಬ್ಯಾಡ್ರೀ ಸರ್. ನಾ ಸುಳ್ಳು ಹೇಳಿಲ್ಲ ಅಂತ ನಿಮಗ ಗೊತ್ತಾದ್ರ ಸಾಕು” ಎಂದ.

ಗೋಲು ಕಳೆದುಕೊಂಡದ್ದಕ್ಕಿಂತ ದೊಡ್ಡ ಅನ್ಯಾಯ ನನ್ನ ನಾಲಗೆಯಿಂದ ನಡೆದಿತ್ತು. ಮರುದಿನ ಎರಡೂ ತಂಡಗಳನ್ನು ಕೂಡಿಸಿ, “ತಪ್ಪು ನನ್ನದು; ಇವನು ನಿಜ ನುಡಿದಿದ್ದ” ಎಂದೆ. ಇಷ್ಟು ಹೇಳಲು ನನಗೆ ಯಾವ ಯಂತ್ರವೂ ನೆರವಾಗಲಿಲ್ಲ. ಹುಡುಗರು ಒಂದು ಗಳಿಗೆ ಸುಮ್ಮನಿದ್ದರು. ಬಳಿಕ ಗೋಲು ಕಾಯುವ ಹುಡುಗನೇ ಕೇಳಿದ: “ಮುಂದಿನ ಆಟಕ್ಕೂ ನೀವೇ ಬರ್ತೀರಲ್ರೀ ಸರ್?”