“ಕೂತ್ಕೋ” ಅನ್ನುವ ಮೊದಲು ಮೂರು ಸೆಕೆಂಡು

ಶಿಕ್ಷಕರೇ, ಪೋಷಕರೇ, ಮಕ್ಕಳೇ,

“ಅರ್ಥ ಆಯ್ತಾ?” ಎಂದು ಮಿಸ್ ಕೇಳುತ್ತಾರೆ. “ಆಯ್ತು ಮಿಸ್!” ಎಂದು ಇಡೀ ತರಗತಿ ರಾಗವಾಗಿ ಕೂಗುತ್ತದೆ. ಪಾಠ ಮುಂದಕ್ಕೆ ಹೋಗುತ್ತದೆ. ಆ ಕೂಗಿನಲ್ಲಿ ಅರ್ಥವಾದವರೆಷ್ಟು, ಆಗದವರೆಷ್ಟು? ಪರೀಕ್ಷೆ ಬರುವ ತನಕ ಯಾರಿಗೂ ತಿಳಿಯುವುದಿಲ್ಲ.

ನಾವು ಹೇಳುವುದಿಷ್ಟೇ: ಬಾಯಿ ಬಿಡದ ಮಗುವನ್ನು ದಡ್ಡ ಎಂದುಕೊಳ್ಳಬೇಡಿ. ಅದಕ್ಕೆ ಯೋಚಿಸಲು ಹೊತ್ತು ಸಿಕ್ಕಿರುವುದಿಲ್ಲ. ತಪ್ಪಿದರೆ ನಗುತ್ತಾರೆಂಬ ಹೆದರಿಕೆ ಬೇರೆ. ಎರಡನ್ನೂ ಸರಿಪಡಿಸಲು ದುಡ್ಡು ಬೇಕಿಲ್ಲ.

ಮೂರು ಸೆಕೆಂಡಿನ ಲೆಕ್ಕ

ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಿಕೆ ಕೇಳಿ ಲೆಕ್ಕ ಹಾಕಿ, 1970ರ ದಶಕದಲ್ಲಿ ಪ್ರಕಟಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡು ಕಾಯಲು ಕಲಿತ ಮೇಲೆ ಉತ್ತರಗಳು ಉದ್ದವಾದವು. ಹಿಂದುಳಿದವರು ಎನಿಸಿಕೊಂಡಿದ್ದ ಮಕ್ಕಳೂ ಮಾತಾಡಿದರು. ಮಕ್ಕಳೇ ಪ್ರಶ್ನೆ ಕೇಳತೊಡಗಿದರು.

“ಸಿಲಬಸ್ ಮುಗಿಸೋದು ಯಾವಾಗ?” ನ್ಯಾಯವಾದ ಮಾತು. ಲೆಕ್ಕ ಹಾಕೋಣ. ಒಂದು ಪೀರಿಯಡ್ಡಿಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ ಮೂರು ಸೆಕೆಂಡು: ಒಟ್ಟು ಅರ್ಧ ನಿಮಿಷ. ಹಾಜರಿ ಕೂಗುವುದಕ್ಕೇ ಇದಕ್ಕಿಂತ ಹೆಚ್ಚು ಹಿಡಿಯುತ್ತದೆ.

ಸೋರುವ ಲೋಟ

ಐಸ್ ಹಾಕಿದ ಸ್ಟೀಲ್ ಲೋಟದ ಹೊರಮೈಯಲ್ಲಿ ನೀರಹನಿ ಮೂಡಿದೆ. ಎಲ್ಲಿಂದ ಬಂತು? “ಲೋಟ ಸೋರ್ತಿದೆ ಮಿಸ್” ಎನ್ನುತ್ತಾನೆ ಕೊನೆಯ ಬೆಂಚಿನ ಹುಡುಗ. ತರಗತಿ ಗೊಳ್ಳೆಂದು ನಗುತ್ತದೆ. “ಕೂತ್ಕೋ” ಎಂದುಬಿಟ್ಟರೆ ಅವನು ವರ್ಷವಿಡೀ ಕೂತೇ ಇರುತ್ತಾನೆ.

“ಸರಿ, ಸೋರ್ತಿದೆ ಅಂತ್ಲೇ ಇಟ್ಕೊಳ್ಳೋಣ. ಒಳಗಿನ ನೀರಿಗೆ ಶಾಯಿ ಹಾಕಿದ್ರೆ ಹೊರಗಿನ ಹನಿ ಯಾವ ಬಣ್ಣ ಇರ್ಬೇಕು?” ಎಂದು ಕೇಳಿ ನೋಡಿ. ನಾಲ್ಕು ತೊಟ್ಟು ಶಾಯಿ ಸಾಕು. ಒಳಗೆ ನೀಲಿ, ಲೋಟ ಒರೆಸಿ ಮತ್ತೆ ನೋಡಿದರೆ ಹೊರಗಿನ ಹನಿಗೆ ಬಣ್ಣವೇ ಇಲ್ಲ! ಹಾಗಾದರೆ ನೀರು ಬಂದದ್ದು ಲೋಟದಿಂದಲ್ಲ, ಗಾಳಿಯಿಂದ. ಗಾಳಿಯ ನೀರಾವಿ ತಂಪಿಗೆ ಹನಿಗಟ್ಟಿತೆಂಬ ಮಾತು ಬೋರ್ಡಿಗೆ ಬರುವ ಮೊದಲೇ ಮಕ್ಕಳ ತಲೆಗೆ ಹತ್ತಿರುತ್ತದೆ. ಈ ಪಾಠ ಹುಟ್ಟಿದ್ದು ಒಂದು ತಪ್ಪು ಉತ್ತರದಿಂದ.

ಕಾನೂನೂ ಇದನ್ನೇ ಹೇಳುತ್ತದೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಮಗುವಿನ ಭಯ ಹೋಗಲಾಡಿಸಬೇಕು, ಅನಿಸಿದ್ದನ್ನು ಮುಕ್ತವಾಗಿ ಹೇಳಲು ನೆರವಾಗಬೇಕು, ಸಾಧ್ಯವಾದ ಮಟ್ಟಿಗೆ ತಾಯ್ನುಡಿಯಲ್ಲಿ ಕಲಿಸಬೇಕು. ಲಂಬಾಣಿ, ತುಳು, ಉರ್ದು ಮನೆಮಾತಿನ ಮಗು ಪುಸ್ತಕದ ಕನ್ನಡಕ್ಕೆ ತಡವರಿಸಿದರೆ ಮೊದಲು ತನ್ನ ಮಾತಿನಲ್ಲೇ ಹೇಳಲಿ. ತಿದ್ದುವುದು ಆಮೇಲಾಗಲಿ.

ನಾಳೆಯಿಂದಲೇ ಹೀಗೆ ಮಾಡೋಣ

ಶಿಕ್ಷಕರೇ, ಮೊದಲು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಹೆಸರು ಕರೆಯಿರಿ. ಕಷ್ಟದ ಪ್ರಶ್ನೆಯಾದರೆ ಪಕ್ಕದವರೊಡನೆ ಒಂದು ನಿಮಿಷ ಮಾತಾಡಿಕೊಳ್ಳಲು ಬಿಡಿ. ಗೆಳತಿಯ ಕಿವಿಯಲ್ಲಿ ಒಮ್ಮೆ ಹೇಳಿದ್ದನ್ನು ಎದ್ದುನಿಂತು ಹೇಳುವುದು ಸಲೀಸು.

ಪೋಷಕರೇ, ಶಾಲೆಯ ಸಭೆಗೆ ಹೋದಾಗ ಮಾರ್ಕ್ಸ್ ಕಾರ್ಡಿನ ಜೊತೆಗೆ “ನಮ್ಮ ಹುಡುಗಿ ಕ್ಲಾಸಲ್ಲಿ ಮಾತಾಡ್ತಾಳಾ?” ಎಂದೂ ವಿಚಾರಿಸಿ. ಮನೆಯಲ್ಲಿ “ದೊಡ್ಡೋರ ಮಧ್ಯೆ ಬಾಯಿ ಹಾಕ್ಬೇಡ” ಎನ್ನುವುದನ್ನು ಕಡಿಮೆ ಮಾಡಿ.

ಮಕ್ಕಳೇ, ಪೂರ್ತಿ ಗೊತ್ತಿದ್ದರೆ ಮಾತ್ರ ಕೈ ಎತ್ತಬೇಕೆಂದಿಲ್ಲ. “ಇಲ್ಲಿವರೆಗೆ ಗೊತ್ತಾಯ್ತು, ಇಲ್ಲಿಂದಾಚೆ ಗೊತ್ತಾಗ್ಲಿಲ್ಲ” ಅನ್ನಿ, ಸಾಕು. ಗೆಳೆಯ ತಪ್ಪು ಹೇಳಿದಾಗ ನಗಬೇಡಿ. ನಾಳೆ ಎದ್ದುನಿಲ್ಲುವ ಸರದಿ ನಿಮ್ಮದು.

ಈ ಕರಪತ್ರ ಓದಿದ ಮೇಲೆ ಮಡಚಿ ಎಸೆಯಬೇಡಿ. ಶಾಲೆಯ ಗೇಟಿನ ಬಳಿ ಮಗುವಿಗಾಗಿ ಕಾದು ನಿಂತ ಇನ್ನೊಬ್ಬರ ಕೈಗೆ ಕೊಡಿ.