ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆಲೆಮನೆಗಳ ಪೂರೈಕೆ ಸರಪಳಿಯ ತೊಡಕುಗಳ ಕುರಿತು ಮನವಿ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯ ಜಿಲ್ಲಾ ಮಟ್ಟದ ಸಮಿತಿ,
ಜಿಲ್ಲಾಧಿಕಾರಿಗಳ ಕಚೇರಿ, ಮಂಡ್ಯ.

ಇವರಿಂದ: ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಆಲೆಮನೆ ಉದ್ದಿಮೆದಾರರು ಹಾಗೂ ಕಬ್ಬು ಬೆಳೆಗಾರರು.

ವಿಷಯ: ಬೆಲ್ಲಕ್ಕೆ ಪರೀಕ್ಷೆಯ ಆಧಾರದ ಮೇಲೆ ದರ ನಿಗದಿಯಾಗುವ ವ್ಯವಸ್ಥೆ ಹಾಗೂ ಅದಕ್ಕೆ ಪೂರಕ ಸೌಲಭ್ಯಗಳನ್ನು ಕೋರಿ.

ಮಾನ್ಯರೇ,

ಕೇಂದ್ರ ಸರ್ಕಾರವು 2020ರ ಜೂನ್ ತಿಂಗಳಲ್ಲಿ ಜಾರಿಗೆ ತಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಎಂಬ ನೀತಿಯಂತೆ ಮಂಡ್ಯ ಜಿಲ್ಲೆಗೆ ಬೆಲ್ಲವನ್ನು ಗೊತ್ತುಮಾಡಿರುವುದು ಸಮಿತಿಗೆ ತಿಳಿದ ಸಂಗತಿಯಾಗಿದೆ. ಈ ಆಯ್ಕೆಯಿಂದ ಬೆಲ್ಲಕ್ಕೆ ಮಾನ್ಯತೆ ದೊರೆತಿದೆಯಾದರೂ ಬೆಲ್ಲ ಮಾಡುವವರಿಗೆ ತಯಾರಕರೆಂಬ ಮಾನ್ಯತೆ ಇನ್ನೂ ದೊರೆತಿಲ್ಲವೆಂಬುದೇ ಮನವಿದಾರರ ಮೂಲ ಅಳಲು. ಕೃಷಿಯ ಕಡತದಲ್ಲಿ ಆಲೆಮನೆಯು ಕೈಗಾರಿಕೆಯೆನಿಸಿದರೆ, ಕೈಗಾರಿಕೆಯ ಕಡತದಲ್ಲಿ ಅದು ರೈತನ ಉಪಕಸುಬೆನಿಸುತ್ತದೆ. ಎರಡರ ನಡುವೆ ಅದು ಯಾರ ಲೆಕ್ಕಕ್ಕೂ ಪೂರ್ತಿಯಾಗಿ ಸಿಕ್ಕದೆ ಉಳಿದಿದೆ. ಕಚ್ಚಾ ವಸ್ತು ಹೊಲದಿಂದ ಹೊರಟು ತಯಾರಕ, ವರ್ತಕ, ಸಾಗಣೆದಾರರನ್ನು ದಾಟಿ ಬಳಕೆದಾರನ ಮನೆಯನ್ನು ಸೇರುವವರೆಗಿನ ಕೊಂಡಿಗಳ ಸಾಲನ್ನು ಪೂರೈಕೆ ಸರಪಳಿ ಎನ್ನುತ್ತಾರೆ. ಆ ಸಾಲಿನಲ್ಲಿ ಆಲೆಮನೆ ನಡುವಿನ ಕೊಂಡಿಯಾಗಿದ್ದು, ಅದರ ಎರಡು ತುದಿಗಳೂ ಬೇರೆಯವರ ಕೈಯಲ್ಲಿವೆ.

ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಮಂಡ್ಯದಲ್ಲಿ ಸ್ಥಾಪನೆಯಾದ ಮೇಲೆ ಈ ಸೀಮೆಯ ಬೇಸಾಯ ಕಬ್ಬಿನ ಸುತ್ತ ರೂಪುಗೊಂಡಿತು. ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಭಾರತೀನಗರಗಳಲ್ಲಿಯೂ ಮುಂದೆ ಕಾರ್ಖಾನೆಗಳು ಬಂದವು. ಕಾರ್ಖಾನೆ ಬಂದುದರಿಂದ ಆಲೆಮನೆ ಅಳಿಯಲಿಲ್ಲ, ಅಳಿಯಬಾರದಿತ್ತು ಕೂಡ. ಏಕೆಂದರೆ ಮಂಡ್ಯದ ಕಾರ್ಖಾನೆ ಕೆಲವು ವರ್ಷ ನಿಂತುಹೋಗಿ 2022ರಲ್ಲಿ ಮತ್ತೆ ಅರೆಯಲು ತೊಡಗುವವರೆಗೆ, ಹಾಗೆಯೇ ಕಟಾವಿನ ಸರದಿ ಬಾರದೆ ಕಬ್ಬಿನಲ್ಲಿ ಸೂಲಂಗಿ ಬಂದ ಹಂಗಾಮುಗಳಲ್ಲಿ, ರೈತನ ಕಬ್ಬು ಗದ್ದೆಯಲ್ಲೇ ಒಣಗದಂತೆ ನೋಡಿಕೊಂಡದ್ದು ಹಳ್ಳಿಗಳ ಆಲೆಮನೆಗಳೇ. ಸಕ್ಕರೆ ಕಾರ್ಖಾನೆಯು ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆಯಾದ ನ್ಯಾಯಯುತ ಮತ್ತು ಲಾಭದಾಯಕ ದರವನ್ನು ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಗೊತ್ತುಪಡಿಸುತ್ತದೆ. 2025–26ರ ಹಂಗಾಮಿಗೆ ಅದು ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಪ್ಪಿದರೆ ಶೇ 15ರ ಬಡ್ಡಿ ಸೇರಬೇಕು ಎಂಬುದೂ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಬೆಲ್ಲಕ್ಕೆ ಇಂಥ ಕನಿಷ್ಠ ದರವಿಲ್ಲದಿದ್ದರೂ ಕಾರ್ಖಾನೆಯ ದರವನ್ನು ನೋಡಿಯೇ ರೈತ ಕಬ್ಬು ಕೊಡುವುದರಿಂದ, ಆಲೆಮನೆಯು ಕೊಳ್ಳುವಾಗ ಸರ್ಕಾರದ ದರದ ನೆರಳಿನಲ್ಲಿಯೂ ಮಾರುವಾಗ ಮಂಡಿಯ ಆ ದಿನದ ಮಾತಿನ ಮೇಲೆಯೂ ನಿಂತಿದೆ.

ಮನವಿದಾರರು ಸಮಿತಿಯ ಗಮನವನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯಬಯಸುವುದು ಆ ಮಂಡಿಯ ಮಾತಿನ ಕಡೆಗೆ. ಅಚ್ಚು, ಬಕೆಟ್, ಕುರಿಕಾಟು ಎಂದು ಬೆಲ್ಲವನ್ನು ಆಕಾರದಿಂದ ವಿಂಗಡಿಸುವ ಪದ್ಧತಿ ಮಂಡ್ಯದ ಮಾರುಕಟ್ಟೆಯಲ್ಲಿ ರೂಢಿಯಲ್ಲಿದ್ದು, ಒಂದೊಂದು ಬಗೆಯೊಳಗೂ ದರದ ಏರಿಳಿತವನ್ನು ತೀರ್ಮಾನಿಸುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ಬಣ್ಣವಾಗಿದೆ. ಹೊನ್ನಿನ ಬಣ್ಣದ ಅಚ್ಚಿಗೆ ಕೂಗು ಏರುತ್ತದೆ, ಕಂದು ಅಚ್ಚು ಪಕ್ಕಕ್ಕೆ ಸರಿಯುತ್ತದೆ. ಆದರೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿನ ಹದಕ್ಕೆ ಬರುವಷ್ಟರಲ್ಲಿ ಪಾಕ ಸಹಜವಾಗಿ ಕಂದಾಗುತ್ತದೆ. ಬೆಂಡೆ ಗಿಡದ ಲೋಳೆಯಿಂದಲೂ ಹಿತಮಿತವಾದ ಸುಣ್ಣದಿಂದಲೂ ಕೊಳೆಯನ್ನು ತೆಗೆಯಬಹುದಲ್ಲದೆ ಕಂದನ್ನು ಹಳದಿ ಮಾಡಲಾಗದು. ಅದನ್ನು ಹಳದಿ ಮಾಡುವುದು ಆಲೆಮನೆಗಳಲ್ಲಿ ‘ಹೈಡ್ರೋಸ್’ ಎಂದೇ ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಬಿಳುಪುಕಾರಕ ಪುಡಿ. ಅದು ಬಿಟ್ಟುಹೋಗುವ ಗಂಧಕದ ಡೈಆಕ್ಸೈಡಿಗೆ ಆಹಾರ ಸುರಕ್ಷತಾ ನಿಯಮಗಳು ಹತ್ತು ಲಕ್ಷ ಭಾಗಗಳಲ್ಲಿ 70 ಭಾಗಗಳ ಮಿತಿಯನ್ನು ಹಾಕಿವೆ. ಹೀಗೆ ಕಾನೂನು ಶುದ್ಧತೆಯನ್ನು ಕೇಳುತ್ತದೆ, ಮಾರುಕಟ್ಟೆ ಬಣ್ಣವನ್ನು ಕೇಳುತ್ತದೆ. ಕಾನೂನಿಗೆ ತಲೆಬಾಗಿ ಪುಡಿ ಹಾಕದ ತಯಾರಕನು ಅದೇ ಸಂಜೆ ಮಂಡಿಯಲ್ಲಿ ಕಡಿಮೆ ದರಕ್ಕೆ ಒಪ್ಪಿ ಬರಬೇಕಾಗುತ್ತದೆ.

ಇದೇ ಸೀಮೆಯಲ್ಲಿ, ಇದೇ ರೈತರ ಕೈಯಿಂದ ಹೊರಡುವ ಇನ್ನೊಂದು ಸರಪಳಿ ಇದಕ್ಕೆ ತೀರ ಭಿನ್ನವಾಗಿ ನಡೆಯುತ್ತಿರುವುದನ್ನು ಸಮಿತಿಯು ಗಮನಿಸಬೇಕು. ಹಳ್ಳಿಯ ಡೇರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುವ ಹೆಣ್ಣುಮಗಳಿಗೆ ತನ್ನ ಹಾಲಿನ ಜಿಡ್ಡು ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂಬುದು ಯಂತ್ರದ ಅಂಕಿಯಲ್ಲಿ ತಿಳಿಯುತ್ತದೆ. ಆ ಅಂಕಿಯ ಮೇಲೆ ದರ ನಿಂತಿರುವುದರಿಂದ ನೀರು ಬೆರೆಸಿದರೆ ಅವಳಿಗೇ ನಷ್ಟ. ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟದ ಡೇರಿಯವರೆಗೂ ಅಳತೆಯ ಈ ದಾರ ಕಡಿಯುವುದಿಲ್ಲ. ಸಕ್ಕರೆ ಕಾರ್ಖಾನೆಗೆ ಹೋದ ಕಬ್ಬಿಗೂ, ಅದರ ಲೆಕ್ಕದ ಬಗ್ಗೆ ರೈತರಿಗೆ ಎಷ್ಟೇ ತಕರಾರುಗಳಿದ್ದರೂ, ಇಳುವರಿಯೆಂಬ ಅಳತೆಯೊಂದಿದೆ. ಹಾಲಿಗೆ ಅಳತೆ, ಕಬ್ಬಿಗೆ ಅಳತೆ, ಆದರೆ ಜಿಲ್ಲೆಯ ಹೆಮ್ಮೆಯೆಂದು ಆರಿಸಲಾದ ಬೆಲ್ಲಕ್ಕೆ ಕಣ್ಣಂದಾಜು ಎಂಬ ಈ ಸ್ಥಿತಿಯು ಹೇಗೆ ಸಮರ್ಥನೀಯವೆಂದು ಮನವಿದಾರರಿಗೆ ತಿಳಿಯದಾಗಿದೆ.

ಆಲೆಮನೆಗಳ ಕಡೆಯ ತಪ್ಪುಗಳನ್ನು ಮನವಿದಾರರು ಮುಚ್ಚಿಡಬಯಸುವುದಿಲ್ಲ. ಬೆಲ್ಲಕ್ಕೆ ಅಗ್ಗದ ಸಕ್ಕರೆ ಬೆರೆಸುವವರಿದ್ದಾರೆ; ಮಳೆಗಾಲದಲ್ಲಿ ಸಿಪ್ಪೆ ಒಣಗದೆ ಒಲೆ ಹಿಡಿಯದಿದ್ದಾಗ ಹಳೆಯ ಟೈರು, ಪ್ಲಾಸ್ಟಿಕ್ ಸುಟ್ಟು ಸುತ್ತಲಿನ ಊರಿನ ಗಾಳಿ ಕೆಡಿಸುವವರೂ ಇದ್ದಾರೆ. ಇವು ನಿಲ್ಲಲೇಬೇಕು. ಆದರೆ ಬೆರಕೆಗೂ ಶುದ್ಧಕ್ಕೂ ಒಂದೇ ತಕ್ಕಡಿ ಇರುವವರೆಗೆ ದಾಳಿ, ದಂಡಗಳಿಂದ ಮಾತ್ರ ಇವು ನಿಲ್ಲುವುದಿಲ್ಲವೆಂಬುದು ಮನವಿದಾರರ ಖಚಿತ ಅಭಿಪ್ರಾಯ. ದಂಡ ತೆತ್ತವನು ಮರುದಿನ ಆ ಹಣವನ್ನು ಬಣ್ಣದಿಂದಲೇ ದುಡಿಯಲು ನೋಡುತ್ತಾನೆ.

ಈ ಬಗೆಯ ಇಕ್ಕಟ್ಟು ಮಂಡ್ಯಕ್ಕೆ ಮಾತ್ರ ಬಂದುದಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ‘ಪನೇಲಾ’ ಎಂಬ ಹೆಸರಿನಲ್ಲಿ ಬೆಲ್ಲವನ್ನು ತಯಾರಿಸುವ ಸಾವಿರಾರು ಸಣ್ಣ ಗಾಣದಮನೆಗಳಿದ್ದು, ಅಲ್ಲಿನ ಸರ್ಕಾರ 1990ರಲ್ಲಿ ಬೆಲ್ಲಕ್ಕೆಂದೇ ಪ್ರತ್ಯೇಕ ಕಾನೂನನ್ನು ತಂದು, ಬೆಲ್ಲದ ಮೇಲೆ ವಿಧಿಸಿದ ಸಣ್ಣ ವಂತಿಗೆಯನ್ನು ಬೆಲ್ಲದವರ ಅಭಿವೃದ್ಧಿಗೇ ಮೀಸಲಿಟ್ಟಿತು. 2006ರ ಆರೋಗ್ಯ ನಿಯಮಾವಳಿಯಲ್ಲಿ ಹೈಡ್ರೋಸಲ್ಫೈಟನ್ನು ನಿಷೇಧಿಸಿತು. ನಿಷೇಧಕ್ಕೆ ಮೊದಲೇ ನಿಧಿಯ ಏರ್ಪಾಡು ಆಗಿತ್ತೆಂಬ ಕ್ರಮವು ಇಲ್ಲಿ ಮುಖ್ಯವಾದುದು. ನೆರೆಯ ಮಹಾರಾಷ್ಟ್ರದ ಕೊಲ್ಹಾಪುರದ ಬೆಲ್ಲಕ್ಕೂ ಕೇರಳದ ಮರಯೂರಿನ ಬೆಲ್ಲಕ್ಕೂ ಭೌಗೋಳಿಕ ಗುರುತು, ಅಂದರೆ ಇಂಥ ಊರಿನ ಇಂಥ ಗುಣದ ವಸ್ತುವಿಗೆ ಕಾನೂನು ಕೊಡುವ ಹೆಸರಿನ ರಕ್ಷಣೆ, ದೊರೆತಿದೆ.

ಕಬ್ಬು ಬರುವ ತುದಿಯಲ್ಲಿಯೂ ಕೊಂಡಿ ಸಡಿಲವಾಗಿದೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯದಿದ್ದರೆ ಅದರಲ್ಲಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅಂಥ ಹಾಲಿನ ಪಾಕ ಗಟ್ಟಿಯಾಗಿ ಅಚ್ಚು ಹಿಡಿಯುವುದಿಲ್ಲ. ಹೀಗಿರುವಾಗ ಸಾಗಣೆಯ ಪ್ರತಿ ಗಂಟೆಗೂ ಬೆಲೆಯಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥವು ಎರಡು ಮಹಾನಗರಗಳ ದೂರವನ್ನು ಕುಗ್ಗಿಸಿದೆ ನಿಜ; ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಟ್ರ್ಯಾಕ್ಟರುಗಳನ್ನು ನಿಷೇಧಿಸಿರುವುದರಿಂದ ಕಬ್ಬಿನ ಗಾಡಿಗಳೆಲ್ಲ ಸರ್ವಿಸ್ ರಸ್ತೆಯ ಪಾಲಾಗಿವೆ. ನಿಷೇಧ ಸುರಕ್ಷತೆಗೆ ಬೇಕಾದದ್ದೇ ಆದ್ದರಿಂದ ಅದನ್ನು ತೆಗೆಯಿರೆಂದು ಮನವಿದಾರರು ಕೇಳುವುದಿಲ್ಲ. ಸರ್ವಿಸ್ ರಸ್ತೆಯು ತುಂಬಿದ ಗಾಡಿಯನ್ನು ತಾಳುವಂತಿರಲಿ ಎಂದಷ್ಟೇ ಕೇಳುತ್ತಾರೆ. ಮಳವಳ್ಳಿ ಮತ್ತು ಮದ್ದೂರಿನ ನಾಲೆಯ ಕೊನೆ ಭಾಗದವರಿಗೆ ಕಟ್ಟು ನೀರು ತಡವಾಗಿ ತಲುಪುವುದರಿಂದ, ಅಲ್ಲಿನ ಆಲೆಮನೆಗಳು ಬರದ ವರ್ಷದಲ್ಲಿ ಕಬ್ಬಿಲ್ಲದೆ ನಿಂತು, ನೀರಿನ ವರ್ಷದಲ್ಲಿ ಎಲ್ಲರ ಕಬ್ಬೂ ಒಟ್ಟಿಗೆ ಬಂದು ಮುಗ್ಗರಿಸುತ್ತವೆ. ಕಾರ್ಖಾನೆಗಳ ಕಟಾವು ಸರದಿ ಯಾವ ಊರಿಗೆ ಯಾವ ವಾರ ಎಂಬುದು ಮೊದಲೇ ತಿಳಿದರೆ ಆಲೆಮನೆಯವರು ಉಳಿದ ಊರುಗಳ ಕಬ್ಬಿಗೆ ಆಳುಗಳನ್ನೂ ಕೊಪ್ಪರಿಗೆಯನ್ನೂ ಸಜ್ಜು ಮಾಡಿಕೊಳ್ಳಬಲ್ಲರು.

ಹಣದ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಹಂಗಾಮಿನ ಮೊದಲಿಗೆ ವರ್ತಕರಿಂದ ಮುಂಗಡ ತಂದ ತಯಾರಕನು ಬೆಲ್ಲವನ್ನು ಅವರ ಬಳಿಗೇ ಒಯ್ಯಬೇಕು, ಅವರು ಹೇಳಿದ ದರಕ್ಕೆ ಒಪ್ಪಬೇಕು. ಮೊದಲು ಹೇಳಿದ ಕಿರು ಉದ್ದಿಮೆಗಳ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು ಕೇಂದ್ರದ ಸಹಾಯಧನವೂ ಅದರ ಮೇಲೆ ಶೇ 15ರಷ್ಟು ರಾಜ್ಯದ ಪಾಲೂ ಸೇರಿ ಗರಿಷ್ಠ 15 ಲಕ್ಷ ರೂಪಾಯಿ ದೊರೆಯುತ್ತದೆಯಾದರೂ, ಅದು ಬ್ಯಾಂಕಿನ ಸಾಲದ ಬೆನ್ನಿಗೆ ಬರುವ ಹಣ. ಹಲವು ಆಲೆಮನೆಗಳು ಬಾಡಿಗೆಗೆ ನಡೆಯುತ್ತಿದ್ದು, ಕೊಪ್ಪರಿಗೆಯ ಮುಂದೆ ನಿಂತವನ ಹೆಸರಿನಲ್ಲಿ ಜಮೀನಾಗಲಿ ಕಟ್ಟಡವಾಗಲಿ ಇರುವುದಿಲ್ಲ. ಅವನಿಗೆ ಸಾಲದ ಬಾಗಿಲು ತೆರೆಯದ ಕಾರಣ ಸಹಾಯಧನವೂ ಕಾಗದದಲ್ಲೇ ಉಳಿಯುತ್ತದೆ. ಇದರ ಜೊತೆಗೆ 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಬೆಲ್ಲಕ್ಕೆ ಶೇ 5ರ ಸರಕು ಮತ್ತು ಸೇವಾ ತೆರಿಗೆ ಬಿದ್ದಿತು, ಬಿಡಿ ಬೆಲ್ಲಕ್ಕೆ ಅದಿಲ್ಲ. ತಯಾರಕನು ತನ್ನ ಹೆಸರು, ದಿನಾಂಕ, ತೂಕಗಳನ್ನು ಬರೆದು ಬಳಕೆದಾರನಿಗೆ ಉತ್ತರದಾಯಿಯಾಗಲು ಹೊರಟ ಕ್ಷಣದಿಂದಲೇ ತೆರಿಗೆ ಆರಂಭವಾಗುವುದು ಯೋಜನೆಯ ಆಶಯಕ್ಕೆ ವಿರುದ್ಧವಾಗಿದೆ.

ಈ ಎಲ್ಲ ಕಾರಣಗಳಿಂದ ಮನವಿದಾರರು ಸಮಿತಿಯ ಮುಂದಿಡುವ ಮೊದಲ ಮತ್ತು ಮುಖ್ಯ ಬೇಡಿಕೆಯೆಂದರೆ, ಮಂಡ್ಯದ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದೊಳಗೇ ಬೆಲ್ಲದ ಪರೀಕ್ಷಾಲಯವೊಂದನ್ನು ಸ್ಥಾಪಿಸಬೇಕೆಂಬುದು. ಅಲ್ಲಿ ಗಂಧಕದ ಡೈಆಕ್ಸೈಡ್, ತೇವಾಂಶ, ಸುಕ್ರೋಸ್ ಮತ್ತು ಬೆರಕೆಯ ಪರೀಕ್ಷೆ ಹರಾಜಿಗೆ ಮುಂಚೆಯೇ ಮುಗಿಯಬೇಕು. ಫಲಿತಾಂಶದ ಚೀಟಿ ಬೆಲ್ಲದ ರಾಶಿಯ ಜೊತೆಗೆ ಕಡೆಯ ಕೊಳ್ಳುಗನವರೆಗೂ ಹೋಗಬೇಕು. ಮಿತಿಯೊಳಗಿನ ಕಂದು ಬೆಲ್ಲವನ್ನು ಪ್ರತ್ಯೇಕ ದರ್ಜೆಯಾಗಿ ಕೂಗಬೇಕು. ರಾಜ್ಯದಲ್ಲಿ 2014ರಿಂದ ರೂಪುಗೊಂಡ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಗುಣಮಟ್ಟದ ಮಾಹಿತಿಯನ್ನು ದೂರದ ಕೊಳ್ಳುಗನಿಗೆ ತೋರಿಸುವ ಕಲ್ಪನೆ ಇರುವುದರಿಂದ ಇದಕ್ಕೆ ಹೊಸ ಕಾನೂನೇನೂ ಬೇಕಾಗುವುದಿಲ್ಲ. ಪರೀಕ್ಷೆಯ ಶುಲ್ಕವನ್ನು ಮೊದಲ ಮೂರು ಹಂಗಾಮುಗಳಲ್ಲಿ ತಯಾರಕನ ಮೇಲೆ ಹಾಕದೆ ಯೋಜನೆಯ ನಿಧಿಯಿಂದ ಭರಿಸಬೇಕು.

ಪರೀಕ್ಷಾಲಯ ತೆರೆದ ದಿನವೇ ಕೊಳ್ಳುವವರು ಓಡಿಬರುತ್ತಾರೆಂಬ ಭ್ರಮೆ ಮನವಿದಾರರಿಗಿಲ್ಲ. ಕಂದು ಬೆಲ್ಲಕ್ಕೆ ಖಚಿತವಾದ ಮೊದಲ ಕೊಳ್ಳುಗನಾಗಿ ಸರ್ಕಾರವೇ ನಿಲ್ಲಬೇಕೆಂದು, ಅಂದರೆ ಜಿಲ್ಲೆಯ ಅಂಗನವಾಡಿ, ವಿದ್ಯಾರ್ಥಿನಿಲಯಗಳಿಗೆ ಬೇಕಾಗುವ ಬೆಲ್ಲವನ್ನು ಪರೀಕ್ಷಾ ಚೀಟಿಯಿರುವ ಸ್ಥಳೀಯ ಆಲೆಮನೆಗಳಿಂದ ಕೊಳ್ಳುವಂತೆ ಟೆಂಡರಿನ ಷರತ್ತುಗಳನ್ನು ತಿದ್ದಬೇಕೆಂದು ಕೋರಲಾಗಿದೆ. ಮಕ್ಕಳ ತಟ್ಟೆಗೆ ಹೋಗುವ ಬೆಲ್ಲದಿಂದಲೇ ಈ ಕೆಲಸ ಆರಂಭವಾಗುವುದಕ್ಕಿಂತ ಯೋಗ್ಯವಾದ ಆರಂಭ ಬೇರೊಂದಿಲ್ಲ.

ಸಾಮಾನ್ಯ ಸೌಲಭ್ಯಗಳಿಗೆ ಯೋಜನೆಯು ಶೇ 35ರಂತೆ ಗರಿಷ್ಠ 3 ಕೋಟಿ ರೂಪಾಯಿಯವರೆಗೆ ನೆರವು ಕೊಡುತ್ತದೆ. ಆ ನೆರವಿನಲ್ಲಿ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ತೇವರಹಿತ ದಾಸ್ತಾನು ಮಳಿಗೆ ಕಟ್ಟಬೇಕು. ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ಬೆಲ್ಲ ಜಿನುಗುವುದರಿಂದಲೇ ತಯಾರಕನು ಸಂಕ್ರಾಂತಿ, ಯುಗಾದಿಯ ದರಕ್ಕೆ ಕಾಯಲಾರದೆ ಬಂದ ಬೆಲೆಗೆ ಕೈಬಿಡುತ್ತಾನೆ. ದಾಸ್ತಾನಿನ ರಸೀದಿಯ ಮೇಲೆ ಸಾಲ ದೊರೆತರೆ ಮುಂಗಡದ ಕಟ್ಟು ತಾನಾಗಿ ಸಡಿಲವಾಗುತ್ತದೆ. ಬಾಡಿಗೆಯ ಆಲೆಮನೆಗೆ ನೋಂದಾಯಿತ ಬಾಡಿಗೆ ಕರಾರು ಹಾಗೂ ಉದ್ಯಮ್ ನೋಂದಣಿಯನ್ನೇ ಆಧಾರವಾಗಿ ಒಪ್ಪುವಂತೆ ಜಿಲ್ಲೆಯ ಬ್ಯಾಂಕುಗಳಿಗೆ ಸೂಚಿಸಬೇಕು. ಒಲೆಯ ಸುಧಾರಣೆ, ಸಿಪ್ಪೆ ಒಣಗಿಸುವ ಚಾವಣಿ ಮತ್ತು ಪುಡಿಯಿಲ್ಲದ ಪಾಕದ ಕ್ರಮಗಳ ತರಬೇತಿಯನ್ನು ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದ ಮೂಲಕ ಕೊಡಿಸಿ, ಅದಾದ ಮೇಲೆಯೇ ದಂಡದ ಕ್ರಮಕ್ಕೆ ಕೈಹಾಕಬೇಕು. ಪಾಕದ ಹದ ಬಲ್ಲ ಕೆಲಸಗಾರರಲ್ಲಿ ಅನೇಕರು ಹೊರ ರಾಜ್ಯಗಳಿಂದ ಕುಟುಂಬ ಸಮೇತ ಬಂದು ಒಲೆಯ ಪಕ್ಕದಲ್ಲೇ ಬದುಕುತ್ತಿರುವುದರಿಂದ, ತರಬೇತಿ ಅವರಿಗೂ ತಿಳಿಯುವ ಭಾಷೆಯಲ್ಲಿರಬೇಕು ಮತ್ತು ಅವರ ಹೆಸರು ಕಾರ್ಮಿಕ ದಾಖಲೆಗೆ ಸೇರಬೇಕು.

ಪೊಟ್ಟಣದ ಬೆಲ್ಲದ ತೆರಿಗೆಯನ್ನು ತೆಗೆಯುವಂತೆ ತೆರಿಗೆ ಮಂಡಳಿಯ ಮುಂದೆ ರಾಜ್ಯವು ವಾದಿಸಬೇಕೆಂದೂ, ಮಂಡ್ಯ ಬೆಲ್ಲಕ್ಕೆ ಭೌಗೋಳಿಕ ಗುರುತು ಪಡೆಯುವ ಕಾರ್ಯದಲ್ಲಿ ಆಲೆಮನೆಯವರನ್ನು ಮುಂದಿಟ್ಟುಕೊಳ್ಳಬೇಕೆಂದೂ, ಕಟಾವು ಸರದಿಯ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳಲ್ಲಿ ಪ್ರಕಟಿಸಬೇಕೆಂದೂ ಸಮಿತಿಯು ಶಿಫಾರಸು ಮಾಡಬೇಕಾಗಿ ಪ್ರಾರ್ಥಿಸಲಾಗಿದೆ. ಇವುಗಳಲ್ಲಿ ಪರೀಕ್ಷಾಲಯದ ಬೇಡಿಕೆಯನ್ನು ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಮೂರು ತಾಲ್ಲೂಕುಗಳಿಂದ ತಲಾ ಇಬ್ಬರು ಆಲೆಮನೆಯವರನ್ನು ಆ ಸಭೆಗೆ ಕರೆಯಿಸಿಕೊಳ್ಳಬೇಕೆಂದು ಕೋರಿದೆ.

ಸ್ಥಳ: ಮಂಡ್ಯ
ಮನವಿದಾರರ ಪರವಾಗಿ,
ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪ್ರತಿನಿಧಿಗಳು